ಜಾಲಿ ನೆರಳಿನ ಹುಲ್ಲು

ಸೀತವ್ವನಿಗೆ ಒಂದು ಎಮ್ಮೆಯ ಮೇಲೆ ಹೊಟ್ಟೆಕಿಚ್ಚಿತ್ತು.

ಎಮ್ಮೆಯ ಹೆಸರು ಚಂದ್ರಿ. ಹಣೆಯ ನಡುವೆ ಬಿಳಿ ಬೊಟ್ಟು, ಎಣ್ಣೆ ತಿಕ್ಕಿದಂತೆ ಹೊಳೆಯುವ ಮೈ, ಹಿಂಗಾಲಿಗೆ ತಾಗುವಂಥ ಕೆಚ್ಚಲು. ಅದರ ಒಡತಿ ಸೋನಾಬಾಯಿ, ಊರೊಳಗಿನ ವಿಧವೆ. ಸೀತವ್ವ ಮಾದರ ಕೇರಿಯವಳು. ಮೂರು ವರ್ಷದ ಹಿಂದೆ ಸರ್ಕಾರದವರು ರಾಯಬಾಗದಲ್ಲಿ ಬಡ ಹೆಂಗಸರಿಗೆ ವರ್ಷ ದಾಟಿದ ಎಮ್ಮೆಕರು ಹಂಚಿದಾಗ ನಾಗರಮಡ್ಡಿ ಊರಿಗೆ ಎರಡು ಬಂದಿದ್ದವು. ಒಂದು ಸೋನಾಬಾಯಿಗೆ, ಒಂದು ಸೀತವ್ವನಿಗೆ. ಒಂದೇ ಕೊಟ್ಟಿಗೆಯಲ್ಲಿ ಒಂದೇ ವಾರ ಹುಟ್ಟಿದವು, ಒಂದೇ ಕೋಣದ ಬೀಜ. ಇಬ್ಬರೂ ಒಂದೇ ಟೆಂಪೋದಲ್ಲಿ ಕರುಗಳ ಕೊರಳ ಹಗ್ಗ ಹಿಡಿದು ನಿಂತು ಬಂದಿದ್ದರು. ಆವತ್ತು ಸೀತವ್ವನ ಕರು ಕರಗಿಯೇ ನಾಲ್ಕು ಬೆರಳು ಎತ್ತರ ಇತ್ತು.

ಈಗ ಚಂದ್ರಿ ಹೊತ್ತಿಗೆ ನಾಲ್ಕು ಲೀಟರ್ ಹಿಂಡುತ್ತಿತ್ತು. ಕರಗಿ ಒಂದೂವರೆ. ಚಂದ್ರಿ ಕೂತು ಏಳುವಾಗ ನೆಲ ನಡುಗುತ್ತಿತ್ತು. ಕರಗಿ ಏಳುವಾಗ ಸೀತವ್ವ ಬಾಲದ ಬುಡಕ್ಕೆ ಕೈಕೊಟ್ಟು ಎಬ್ಬಿಸಬೇಕಿತ್ತು.

ಯಾಕೆ ಹೀಗೆ ಎಂದು ಅವಳಿಗೆ ಗೊತ್ತಿತ್ತು. ಹುಲ್ಲು.

ಊರಿನ ಗಾಯರಾಣ, ಎಲ್ಲರ ದನ ಮೇಯಲೆಂದು ಸರ್ಕಾರ ಬಿಟ್ಟ ನೆಲ, ನಲವತ್ತು ಎಕರೆ. ಮೇಲಿನ ಅರ್ಧ ಬೋಳು ಮಡ್ಡಿ, ಕಲ್ಲು ದಿನ್ನೆ. ಕೆಳಗಿನ ಅರ್ಧ ಹಳ್ಳದ ದಂಡೆಗೆ ಇಳಿಯುತ್ತದೆ. ಅಲ್ಲಿ ಕರಿಜಾಲಿ ಮರಗಳು, ನಡುನಡುವೆ ಬನ್ನಿ. ಮಳೆಗಾಲದಲ್ಲಿ ಎರಡೂ ಕಡೆ ಹಸಿರೇ. ದೀಪಾವಳಿ ದಾಟಿದ ಮೇಲೆ ನೋಡಬೇಕು. ಮಡ್ಡಿಯ ಹುಲ್ಲು ಬಿಸಿಲಿಗೆ ಬೆದರಿ ಅವಸರದಲ್ಲಿ ತೆನೆ ಹಾಕುತ್ತದೆ, ಎಲೆ ಉದುರಿಸಿಕೊಂಡು ಕಡ್ಡಿಯಾಗುತ್ತದೆ. ಅದರ ಮುಳ್ಳು ದನದ ಒಸಡಿಗೆ ಚುಚ್ಚುತ್ತದೆ. ಹೊಟ್ಟೆ ಉಬ್ಬುತ್ತದೆ, ಹಾಲಾಗುವುದಿಲ್ಲ. ಜಾಲಿಯ ಕೆಳಗಿನ ಹುಲ್ಲಿಗೆ ಅವಸರವಿಲ್ಲ. ಮುಂಜಾನೆಯ ಇಬ್ಬನಿ ಅಲ್ಲಿ ನಡುಹಗಲಿನ ತನಕ ನಿಲ್ಲುತ್ತದೆ. ಶಿವರಾತ್ರಿ ಬಂದರೂ ಎಲೆ ಮೆತ್ತಗೆ, ಬೆರಳಿಗೆ ಸುತ್ತಿದರೆ ಸುತ್ತಿಕೊಳ್ಳುತ್ತದೆ.

ಆ ಕೆಳಗಿನ ಅರ್ಧ ಊರ ದನಗಳಿಗೆ. ಮೇಲಿನ ಅರ್ಧ ಕೇರಿಯ ದನಗಳಿಗೆ. ಹಾಗೆಂದು ಯಾವ ಕಾಗದದಲ್ಲೂ ಇರಲಿಲ್ಲ. ನಡುವೆ ಬೇಲಿಯೂ ಇರಲಿಲ್ಲ. ಬೇಲಿಯ ಬದಲು ಮಲಕಾರಿ ಇದ್ದ. ಬಾಪುಸಾಹೇಬ ಪಾಟೀಲ ಅವನನ್ನು ಕಾವಲಿಗೆ ಇಟ್ಟಿದ್ದ. ಒಂದು ಕಂಬಳಿ, ಒಂದು ಬಡಿಗೆ, ವರ್ಷಕ್ಕಿಷ್ಟು ಜೋಳ. ಕೇರಿಯ ಆಡು ಆ ಕಡೆ ಮೂತಿ ತಿರುಗಿಸಿದರೆ ಸಾಕು, ಬಡಿಗೆ ಬೀಸಿ ಬರುತ್ತಿತ್ತು.

ಕೇರಿಯ ದನ ಹೋಗಬಾರದಿದ್ದ ನೆರಳಿಗೆ ಕೇರಿಯ ಹೆಂಗಸರು ದಿನಾ ಹೋಗುತ್ತಿದ್ದರು. ಬಾಪುಸಾಹೇಬನ ಕೊಟ್ಟಿಗೆಯಲ್ಲಿ ಇಪ್ಪತ್ತೆರಡು ದನ. ಅವಕ್ಕೆ ಹುಲ್ಲು ಕೊಯ್ಯುವವರು ಕೇರಿಯ ಹನ್ನೊಂದು ಹೆಂಗಸರು. ಮುಂಜಾನೆ ಕುಕ್ಕರಗಾಲಲ್ಲಿ ಕೂತರೆ ಹೊತ್ತು ನೆತ್ತಿಗೇರುವ ತನಕ ಸೊಂಟ ಎತ್ತುವಂತಿಲ್ಲ. ಬಿದ್ದ ಜಾಲಿಮುಳ್ಳು ಅಂಗಾಲಿಗೆ ಹೋಗುತ್ತದೆ, ಅಲ್ಲೇ ಮುರಿಯುತ್ತದೆ. ಕುಡುಗೋಲಿನ ಹಿಡಿ ಅಂಗೈಯಲ್ಲಿ ಗುಳಿ ಮಾಡುತ್ತದೆ. ಎರಡು ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಕುತ್ತಿಗೆ ಬಿಗಿಹಿಡಿದು ಒಂದು ಮೈಲಿ. ಹೊರಡುವ ಮುಂಚೆ ಮಲಕಾರಿಯ ಮುಂದೆ ನಿಲ್ಲಬೇಕು.

"ಸೆರಗ ಝಾಡಿಸ."

ಸೆರಗು ಕೊಡವಿ ಝಾಡಿಸಬೇಕು. ಉಡಿಯಲ್ಲಿ, ಸೊಂಟದಲ್ಲಿ ಒಂದು ಹಿಡಿ ಹುಲ್ಲು ಕದ್ದಿಲ್ಲ ಎಂದು ತೋರಿಸಬೇಕು.

ಸಂಕ್ರಾಂತಿಯ ಹಿಂದಿನ ವಾರ ಸೀತವ್ವ ಕದ್ದಳು. ಕರಗಿ ಎರಡು ದಿನದಿಂದ ಮೇವು ಮೂಸಿ ಬಿಡುತ್ತಿತ್ತು. ಒಂದು ಹಿಡಿ ಎಳೆ ಹುಲ್ಲು ತೋರಿಸಿದರೆ ಬಾಯಿ ತೆರೆದೀತು ಎಂದು ನಿರಿಗೆಯಲ್ಲಿ ಸಿಗಿಸಿಕೊಂಡಿದ್ದಳು. ಮಲಕಾರಿ ಬಡಿಗೆಯ ತುದಿಯಿಂದ ನಿರಿಗೆ ಚುಚ್ಚಿದ. ಹುಲ್ಲು ಕಾಲ ಮೇಲೆ ಬಿತ್ತು.

"ಕಳ್ಳ ರಂಡೆ, ಪಾಟೀಲರ ಹುಲ್ಲ ಕದೀತಿ?"

ಹತ್ತು ಹೆಂಗಸರು ಹೊರೆ ಹೊತ್ತು ನಿಂತಿದ್ದರು. ಯಾರೂ ಮಾತಾಡಲಿಲ್ಲ. ಮಲಕಾರಿ ಬಗ್ಗಿ ಆ ಹಿಡಿ ಹುಲ್ಲನ್ನು ಎತ್ತಿಕೊಂಡ. ನಾಲ್ಕು ಹೆಜ್ಜೆ ಆಚೆ ಚಂದ್ರಿ ಮೇಯುತ್ತಿತ್ತು. ಅದರ ಮುಂದೆ ಎಸೆದ. ಚಂದ್ರಿ ನಾಲಗೆ ಚಾಚಿತು, ಎಳೆದುಕೊಂಡಿತು, ಕಣ್ಣು ಅರೆಮುಚ್ಚಿ ಅಗಿಯಿತು.

ಬಡಿಗೆಯ ತಿವಿತಕ್ಕೆ, ಬೈಗುಳಕ್ಕೆ ಸೀತವ್ವ ಉರಿಯಲಿಲ್ಲ. ಆ ಎಮ್ಮೆ ಅಗಿಯುವುದನ್ನು ನೋಡಿ ಉರಿದಳು. ಹೊರೆಯ ಕೆಳಗೆ ದಾರಿಯುದ್ದಕ್ಕೂ ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಆ ಎಮ್ಮೆಗೆ ಹುಳ ಬೀಳಲಿ. ಅದರ ಕೆಚ್ಚಲು ಬಾಯಲಿ. ಹಾಲು ರಕ್ತವಾಗಲಿ. ದೇವರೆಂಬವನು ಇದ್ದರೆ ಇಷ್ಟು ಮಾಡಲಿ.

ಅದೇ ವಾರ ಚಿಕ್ಕೋಡಿಯ ಕಡೆಯಿಂದ ಒಬ್ಬ ಸಾಹೇಬ ಬಂದ. ದನದ ಮೇವಿನ ಅಭ್ಯಾಸ ಮಾಡುವವನಂತೆ. ಕಟ್ಟಿಗೆಯ ಒಂದು ಚೌಕ ತಂದಿದ್ದ. ಅದನ್ನು ಜಾಲಿಯ ಕೆಳಗೆ ಒಮ್ಮೆ, ಬೋಳು ಮಡ್ಡಿಯ ಮೇಲೆ ಒಮ್ಮೆ ಇಟ್ಟು, ಒಳಗಿನ ಹುಲ್ಲನ್ನು ಬುಡಕ್ಕೆ ಕೊಯ್ಯಲು ಸೀತವ್ವನಿಗೆ ಹೇಳಿದ. ಬೇರೆ ಬೇರೆ ಚೀಲದಲ್ಲಿ ತುಂಬಿ ಚೀಟಿ ಕಟ್ಟಿದ. ಬಾಪುಸಾಹೇಬ ಬಿಳಿ ಧೋತರ ಎತ್ತಿ ಹಿಡಿದುಕೊಂಡು ಜೊತೆಗೆ ತಿರುಗುತ್ತಿದ್ದ.

"ಪಾಟೀಲರೇ, ಹಳ್ಳದ ಹತ್ತಿರ ಹುಣಸೆ ಮರ ಇದೆ. ಅದರ ಕೆಳಗೆ ಹುಲ್ಲೇ ಇಲ್ಲ. ಜಾಲಿಯ ಕೆಳಗೆ ಇಷ್ಟು ಚೆನ್ನಾಗಿದೆ. ನೆರಳು ಎರಡಕ್ಕೂ ಇದೆಯಲ್ಲ, ಯಾಕೆ ಹೀಗೆ?"

ಬಾಪುಸಾಹೇಬ ಮೀಸೆ ತಿರುವಿದ. ಅವನಿಗೆ ಗೊತ್ತಿರಲಿಲ್ಲ. ಅವನು ಯಾವತ್ತೂ ಆ ಹುಲ್ಲಿಗೆ ಬಗ್ಗಿದವನಲ್ಲ.

ಸೀತವ್ವನ ಬಾಯಿ ತಡೆಯಲಿಲ್ಲ. "ಹುಣಸಿ ನೆರಳ ದಟ್ಟರಿ ಸಾಹೇಬ್ರ. ಹುಲ್ಲಿಗೆ ಉಸರ ಕಟ್ಟತೈತಿ. ಜಾಲಿ ಎಲಿ ಸಣ್ಣದು. ಬಿಸಲ ಜರಡಿ ಹಿಡದಂಗ ಬೀಳತೈತಿ. ಹುಲ್ಲ ಸುಡೂದಿಲ್ಲ, ಸಾಯೂದೂ ಇಲ್ಲ. ಮತ್ತ ಎಲಿ ಉದರಿ ಮಣ್ಣ ಕರ‍್ರಗ ಆಗತೈತಿ. ಬುಡಕ್ಕ ಹತ್ತಿದ್ದ ಹುಲ್ಲ ಮಾತ್ರ ನೀರ‍್ನೀರ ಇರತೈತ್ರಿ, ಕಸುವ ಕಡಿಮಿ. ಎರಡ ಮಾರ ಆಚೀ ಕಡೀದು ಖರೇ ಹುಲ್ಲು. ಅದನ್ನ ತಿಂದ ಎಮ್ಮಿ ಹಾಲ ಬೆರಳಿಗೆ ಹತ್ತತೈತಿ."

ಸಾಹೇಬ ಪೆನ್ನು ತೆಗೆದು ಭರಭರ ಬರೆದುಕೊಂಡ. "ಭಾಳ ಸರಿಯಾಗಿ ಹೇಳಿದಿರಮ್ಮ. ನಿಮ್ಮ ಹೆಸರು?"

"ಅಕಿ ನಮ್ಮ ಆಳರಿ," ಬಾಪುಸಾಹೇಬ ನಡುವೆ ಬಂದ. "ಈ ಮರ ನಮ್ಮ ವಡಿಲರು, ನಮ್ಮಪ್ಪ ಹಚ್ಚಿದ್ದು. ಐವತ್ತ ವರ್ಷದಿಂದ ಜ್ವಾಕಿ ಮಾಡೇವಿ. ಅದನ್ನ ಬರಕೋರಿ."

ಸಾಹೇಬ ಅದನ್ನೂ ಬರೆದುಕೊಂಡ. ಸೀತವ್ವನ ಹೆಸರು ಅವನ ಪುಸ್ತಕಕ್ಕೆ ಹೋಗಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ ಕೆಂಚವ್ವನಿಗೆ ಎಪ್ಪತ್ತು ದಾಟಿತ್ತು. ಗಂಡ ಲಗಮಣ್ಣ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗ, ಅಂದರೆ ಸೀತವ್ವನ ಗಂಡ, ಕಬ್ಬು ಕಡಿಯುವ ಟೋಳಿಯ ಜೊತೆ ಶಿರಗುಪ್ಪಿಯ ಕಡೆ ಹೋಗಿದ್ದ. ಮುದುಕಿ ಬೀಸುವ ಕಲ್ಲನ್ನು ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ಥೂ ಎಂದು ಉಗುಳಿದಳು.

"ಹಚ್ಚಿದ್ರಂತ? ಅವರಪ್ಪ ಆ ಕಡೆ ಮೂಗ ಮುಚಗೊಂಡೂ ಹಾಯ್ತಿದ್ದಿಲ್ಲ ಬೇ. ಅದು ನಮ್ಮ ಜಾಗ. ಊರಾಗ ಸತ್ತ ದನ ಎಳಕೊಂಡ ಹೋಗಿ ನಿಮ್ಮ ಮಾವ ಅಲ್ಲೇ ಸುಲೀತಿದ್ದ. ಚರ್ಮ ಅವರಿಗೆ, ಎಲುಬ ಮಣ್ಣಿಗೆ. ರಗತ ಕುಡದ ಮಣ್ಣದು. ಒಂದ ಮರ ಇದ್ದಿಲ್ಲ. ನಮ್ಮ ಆಡ ಅಲ್ಲೇ ತರಬಿ ನಿಲ್ತಿದ್ವು. ಹಳ್ಳದಾಚೆ ಜಾಲಿಕಾಯಿ ತಿಂದ ಬಂದು ಅಲ್ಲೇ ಹಿಕ್ಕಿ ಹಾಕತಿದ್ವು. ಆ ಹಿಕ್ಕ್ಯಾಗಿನ ಬೀಜ ಬೇ ಅವು! ಸಣ್ಣ ಸಸಿ ಇದ್ದಾಗ ದನ ತುಳದಾವಂತ ನಾನs ಮುಳ್ಳ ಹಚ್ಚೇನಿ ಸುತ್ತಲೂ. ಮರ ಬೆಳದು ಹುಲ್ಲ ಆತ ನೋಡ, ಆವಾಗ ಊರಿಗೆ ವಾಸನಿ ಹೋತು. ಆವಾಗ ಅದು ಗಾಯರಾಣ ಆತು."

ಸೀತವ್ವ ಆ ರಾತ್ರಿ ಉಣ್ಣಲಿಲ್ಲ. ಮಾವನ ಕೈಯ ರಕ್ತ, ಅತ್ತೆಯ ಕೈಯ ಮುಳ್ಳು, ಆಡಿನ ಹಿಕ್ಕೆ. ಎಲ್ಲ ಸೇರಿ ಹುಲ್ಲಾಗಿ, ಆ ಹುಲ್ಲು ಚಂದ್ರಿಯ ಕೆಚ್ಚಲಾಗಿ ಜೋತಾಡುತ್ತಿದೆ. ಅವಳ ಯೋಚನೆ ಪಾಟೀಲನ ಮನೆಯ ತನಕ ಹೋಗುತ್ತಿರಲಿಲ್ಲ. ಅದು ಅಷ್ಟು ಎತ್ತರದ ಮನೆ. ಸೋನಾಬಾಯಿ ಎಮ್ಮೆ ಕಟ್ಟುವ ದಂದಕ್ಕಿಯ ಹತ್ತಿರವೇ ನಿಂತುಬಿಡುತ್ತಿತ್ತು. ಅಕಿಯೂ ನನ್ನಂಥವಳೇ. ಹರಿದ ಸೀರೆಯವಳೇ. ಅಕಿಗೆ ಯಾಕೆ?

ಮರುದಿನ ನಡುಹಗಲು ಹೆಂಗಸರು ಹೊರೆ ಹೊತ್ತು ಹೋದರು. ಮಲಕಾರಿ ಬನ್ನಿಯ ಕೆಳಗೆ ಕಂಬಳಿ ಹಾಸಿ ಮಲಗಿದ್ದ. ಸೀತವ್ವ ಕಾಲಿನ ಮುಳ್ಳು ತೆಗೆಯುವ ನೆಪದಲ್ಲಿ ಹಿಂದೆ ಉಳಿದಳು. ಎಲ್ಲಕ್ಕಿಂತ ದೊಡ್ಡ ಜಾಲಿಯ ಹತ್ತಿರ ಹೋದಳು. ಅದರ ಕೆಳಗೇ ಚಂದ್ರಿಯನ್ನು ಕಟ್ಟುತ್ತಿದ್ದರು. ಕುಡುಗೋಲಿನ ಮೂತಿಯನ್ನು ತೊಗಟೆಗೆ ಕೊಟ್ಟು ಎಳೆದಳು. ಸುತ್ತಲೂ ತೊಗಟೆ ಬಿಡಿಸಿದರೆ ಮರ ನಿಂತಲ್ಲೇ ಒಣಗುತ್ತದೆ. ಮರ ಒಣಗಿದರೆ ಹುಲ್ಲು ಒಣಗುತ್ತದೆ. ಆಮೇಲೆ ನೋಡೋಣ ಆ ಎಮ್ಮೆಯ ಮೈ ಹೊಳಪು. ಒಂದು ಗೇಣು ಬಿಡಿಸಿದಳು. ಎರಡು ಗೇಣು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಒಳಗೆ ಒಂಥರಾ ಸುಖವಾಗುತ್ತಿತ್ತು.

"ಕಡಿ, ಕಡಿ. ಇನ್ನರ್ಧ ಉಳದೈತಿ."

ಹಿಂದೆ ಸೋನಾಬಾಯಿ ನಿಂತಿದ್ದಳು. ಕೈಯಲ್ಲಿ ಚಂದ್ರಿಯ ಹಗ್ಗ.

ಸೀತವ್ವ ಕುಡುಗೋಲು ಇಳಿಸಲಿಲ್ಲ. ಅಡಗಿಸಲೂ ಇಲ್ಲ.

"ನನ್ನ ಎಮ್ಮಿ ನಿನ್ನ ಕಣ್ಣಾಗ ಮುಳ್ಳಾಗೈತಿ. ಹೌದಲ್ಲ?"

"ಹೌದು. ಮುಳ್ಳಾಗೈತಿ. ಅಕಿ ಮೇಯೂದ ನೋಡಿದ್ರ ನನ್ನ ಕರಳ ಸುಡತೈತಿ. ಸಾಯ್ಲಿ ಅಂತೀನಿ ದಿನಾ."

ಸೋನಾಬಾಯಿ ಬೈಯಲಿಲ್ಲ. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಳು. "ನನಗೇನ ಈ ನೆರಳ ಪುಕ್ಕಟ ಬಂದೈತಿ ಅಂತ ತಿಳದಿಯಾ? ಪಾಟೀಲರ ಇಪ್ಪತ್ತೆರಡು ದನದ ಸಗಣಿ ನಾ ಬಳೀತೀನಿ. ಕೂಲಿ ಇಲ್ಲ, ಕಾಳ ಇಲ್ಲ."

"ಸಗಣಿ ನಾನೂ ಬಳೀತೀನಿ. ನಿನಗಿಂತ ಸಾಫ ಬಳೀತೀನಿ. ನನಗ ಕೊಡತಾರೇನ ನೆರಳ?"

ಕೊಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಸೋನಾಬಾಯಿ ಮರದ ಗಾಯಕ್ಕೆ ಕೈ ತೋರಿಸಿದಳು.

"ಈ ಮರ ಸತ್ತರ ನನ್ನ ಎಮ್ಮಿ ಬತ್ತತೈತಿ. ಖರೆ. ನಿನ್ನ ಎಮ್ಮಿಗೆ ಹಾಲ ಬರತೈತೇನ?"

ಅಷ್ಟು ಹೇಳಿ ಎಮ್ಮೆ ಹೊಡೆದುಕೊಂಡು ಹೋದಳು. ಹೋಗುವಾಗ ಮಲಕಾರಿಯನ್ನು ಎಬ್ಬಿಸಲಿಲ್ಲ.

ಸೀತವ್ವ ಮರದ ಬುಡದಲ್ಲಿ ಕುಸಿದಳು. ಮರ ರಸ ಸೋರುತ್ತಿತ್ತು. ಅತ್ತೆ ಮುಳ್ಳು ಹಚ್ಚಿ ಉಳಿಸಿದ ಮರ. ತನ್ನ ಕೈ ಎಂಥ ಕೆಲಸಕ್ಕೆ ಇಳಿದಿತ್ತು! ಪಾಟೀಲ ಕಸಿದುಕೊಂಡದ್ದನ್ನು ತಾನು ಕೊಂದು ಹಾಕುವುದಕ್ಕೆ. ಚಂದ್ರಿಯ ಹಸಿ ಸಗಣಿ ಅಲ್ಲೇ ಬಿದ್ದಿತ್ತು. ಎರಡು ಕೈಯಿಂದ ಬಾಚಿ, ಮಣ್ಣು ಕಲಸಿ, ಗಾಯದ ತುಂಬ ಮೆತ್ತಿದಳು. ಅರ್ಧ ಸುತ್ತು ತೊಗಟೆ ಇನ್ನೂ ಗಟ್ಟಿ ಇತ್ತು. ಬದುಕುತ್ತದೆ ಎಂದುಕೊಂಡಳು. ಮೆತ್ತುತ್ತ ಮೆತ್ತುತ್ತ ಅಳು ಬಂತು. ಅಳು ಮುಗಿದ ಮೇಲೆ ಸಿಟ್ಟು ಬಂತು. ಈ ಸಲ ಅದು ಸೋನಾಬಾಯಿಯ ದಂದಕ್ಕಿಯ ಹತ್ತಿರ ನಿಲ್ಲಲಿಲ್ಲ. ದಾಟಿ ಮುಂದೆ ಹೋಯಿತು.

ಮರುದಿನ ಮುಂಜಾನೆ ಅವಳು ಕುಡುಗೋಲು ತೆಗೆದುಕೊಳ್ಳಲಿಲ್ಲ. ಕರಗಿಯ ಹಗ್ಗ ಬಿಚ್ಚಿದಳು. ಊರ ನಡುವಿನ ದಾರಿಯಲ್ಲೇ ನಡೆಸಿಕೊಂಡು ಹೋದಳು. ಮಡ್ಡಿಯ ಕಡೆ ತಿರುಗುವಲ್ಲಿ ಕರಗಿ ರೂಢಿಯಂತೆ ಮೇಲೆ ತಿರುಗಿತು. ಸೀತವ್ವ ಹಗ್ಗ ಜಗ್ಗಿ ಕೆಳಗೆ ತಿರುಗಿಸಿದಳು.

ನೆರಳಿಗೆ ಕಾಲಿಟ್ಟ ಕರಗಿ ಒಂದು ಗಳಿಗೆ ಮೂಸಿ ನಿಂತಿತು. ಆಮೇಲೆ ತಲೆ ಹಾಕಿತು. ಎಳೆ ಹುಲ್ಲು ಹರಿಯುವ ಚರಚರ ಸದ್ದು. ಮೂರು ವರ್ಷದಲ್ಲಿ ತನ್ನ ಎಮ್ಮೆಯ ಬಾಯಿಂದ ಆ ಸದ್ದನ್ನು ಸೀತವ್ವ ಕೇಳಿರಲಿಲ್ಲ.

ಮಲಕಾರಿ ಓಡಿಬಂದ. "ಏ, ತಲಿ ಕೆಟ್ಟೈತೇನ? ಹೊರಗ ತಗಿ!"

"ತಗ್ಯಾಂಗಿಲ್ಲ."

"ಕೇರಿ ಎಮ್ಮಿ ಬಾಯಿ ಹಾಕಿದ ಹುಲ್ಲ ಊರ ದನ ತಿಂತಾವೇನ?"

"ಕೇಳ ಅವನ್ನ. ನಾ ಕೊಯ್ದದ್ದ ತಿಂತಾವ, ನಾ ಹೊತ್ತದ್ದ ತಿಂತಾವ. ನನ್ನ ಎಮ್ಮಿ ಬಾಯಿ ಅಷ್ಟ ಮೈಲಿಗಿ ಏನ?"

ಬಡಿಗೆ ಅವಳ ಭುಜಕ್ಕೆ ಬಿತ್ತು. ಅವಳು ಹಗ್ಗ ಬಿಡಲಿಲ್ಲ. ಇನ್ನೊಂದು ಬಿತ್ತು. ಅಷ್ಟರಲ್ಲಿ ಬಾಪುಸಾಹೇಬ ಬಂದ. ಅವನು ಕೂಗಲಿಲ್ಲ, ಕೈ ಎತ್ತಲಿಲ್ಲ. ನಾಲ್ಕು ಆಳು ಕರೆಸಿ ಕರಗಿಯನ್ನು ಬಿಡಿಸಿ ಎಳೆಸಿದ. ತುಡುಗು ದನ ಕೂಡಿಹಾಕುವ ಕೊಂಡವಾಡಕ್ಕೆ ಹಾಕಿಸಿದ.

"ನಮ್ಮ ಬಾಗಲಾಗ ಬಂದು ಹೊಸ್ತಲಕ್ಕ ಮೂಗ ತಿಕ್ಕಲಿ," ಎಂದ. "ಎಮ್ಮಿ ಬಿಡೋಣಂತ."

ಕೊಂಡವಾಡದಲ್ಲಿ ನೀರಿತ್ತು, ಮೇವಿರಲಿಲ್ಲ. ಸಂಜೆಗೆ ಕರಗಿ ಒದರಲು ಹತ್ತಿತು. ಅದರ ಕರು ಕೇರಿಯಲ್ಲಿ ಒದರುತ್ತಿತ್ತು. ಸೀತವ್ವನ ಭುಜ ಊದಿ ಕೈ ಮೇಲೆ ಏಳುತ್ತಿರಲಿಲ್ಲ. ಕೆಂಚವ್ವ ಅರಿಸಿನ ಕಾಸಿ ಹಚ್ಚಿದಳು.

"ಹೋಗಿ ಮೂಗ ತಿಕ್ಕಿ ಬರತಿಯೇನ?" ಮುದುಕಿ ಕೇಳಿದಳು.

"ನೀ ತಿಕ್ಕತಿದ್ದೇನ ಅತ್ತಿ?"

"ನಾ ತಿಕ್ಕೇನಿ ಬೇ. ಭಾಳ ಸಲ ತಿಕ್ಕೇನಿ," ಎಂದಳು ಕೆಂಚವ್ವ. "ಅದಕ್ಕs ಕೇಳಾಕತ್ತೇನಿ. ಹೋಗಬ್ಯಾಡ."

ಮುಂಜಾನೆ ಸೀತವ್ವ ಎಡಗೈಯಲ್ಲಿ ಕುಡುಗೋಲು ಹಿಡಿದು ಜಾಲಿಯ ಕೆಳಗೆ ಕೂತಳು. ಒಂದು ಹೊರೆ ಕೊಯ್ದಳು. ಎತ್ತಿ ಕೊಡಲು ಯಾರೂ ಏಳಲಿಲ್ಲ. ಮರಕ್ಕೆ ಆನಿಸಿ, ಮೊಣಕಾಲೂರಿ, ತಾನೇ ತಲೆಗೆ ಏರಿಸಿಕೊಂಡಳು. ಮಲಕಾರಿ ದಾರಿಗೆ ಅಡ್ಡ ನಿಂತ.

"ಯಾರಿಗಿದು?"

"ನನ್ನ ಎಮ್ಮಿಗೆ."

"ಸೆರಗ ಝಾಡಿಸ."

"ಝಾಡ್ಸಾಂಗಿಲ್ಲ. ಇನ್ನ ಮ್ಯಾಲ ಎಂದೂ ಝಾಡ್ಸಾಂಗಿಲ್ಲ. ತಲಿ ಮ್ಯಾಲ ಹೊತ್ತೇನಿ, ಉಡ್ಯಾಗ ಇಟ್ಟಿಲ್ಲ. ಕಣ್ಣ ಇದ್ದಾವರು ನೋಡ್ರಿ."

ಅವನು ಬಡಿಗೆ ಎತ್ತಿದ. ಹುಲ್ಲು ಕೊಯ್ಯುತ್ತಿದ್ದ ಹತ್ತು ಹೆಂಗಸರು ಎದ್ದು ನಿಂತರು. ನಿರಿಗೆಯಿಂದ ಹುಲ್ಲು ಬಿದ್ದಾಗ ಸುಮ್ಮನಿದ್ದವರೇ. ಅವರಲ್ಲಿ ದೊಡ್ಡವಳು, ಸೀತವ್ವನ ನೆರೆಮನೆಯವಳು, ಕುಡುಗೋಲನ್ನು ಸೊಂಟಕ್ಕೆ ಸಿಗಿಸಿದಳು. ಕಟ್ಟಿದ ಹೊರೆಯ ಹಗ್ಗ ಬಿಚ್ಚಿದಳು. ಹುಲ್ಲು ನೆಲಕ್ಕೆ ಚೆಲ್ಲಿತು.

"ನಡೀರ‍್ಯವಾ ಮನಿಗೆ," ಎಂದಳು. "ಕೊಯ್ಲಿ ಪಾಟೀಲ."

ಹತ್ತೂ ಹೊರೆ ಬಿಚ್ಚಿಕೊಂಡವು. ಮಲಕಾರಿಯ ಬಡಿಗೆ ಮೇಲೇ ನಿಂತಿತ್ತು. ಯಾರಿಗೆ ಹೊಡೆಯಬೇಕೆಂದು ಅವನಿಗೆ ತಿಳಿಯಲಿಲ್ಲ. ಸೀತವ್ವ ಅವನ ಪಕ್ಕದಿಂದಲೇ ಹಾದು ಕೊಂಡವಾಡಕ್ಕೆ ಹೋಗಿ, ಗೇಟಿನ ಸಂದಿಯಿಂದ ಕರಗಿಗೆ ಹುಲ್ಲು ಹಾಕಿದಳು. ಆಮೇಲೆ ದಿನಾ ಒಂದು ಹೊರೆ.

ಅದು ಕಬ್ಬಿನ ಸುಗ್ಗಿ. ಕೈಕಾಲು ಗಟ್ಟಿ ಇದ್ದವರೆಲ್ಲ ಟೋಳಿ ಸೇರಿದ್ದರು. ಬಾಪುಸಾಹೇಬ ಕುಡಚಿಗೆ ಆಳು ಕರೆಯಲು ಕಳಿಸಿದ. ಯಾರೂ ಸಿಗಲಿಲ್ಲ. ಸೋನಾಬಾಯಿಗೆ ಕೊಯ್ಯಲು ಹೇಳಿದ. ಅವಳು ಒಂದು ಹೊರೆ ಕೊಯ್ದು ತಂದು ಹಾಕಿದಳು. ಮರುದಿನ ಮೈಯಲ್ಲಿ ಆರಾಮ ಇಲ್ಲ ಎಂದು ಬಾಗಿಲು ಹಾಕಿಕೊಂಡಳು. ನಿಜಕ್ಕೂ ಜ್ವರ ಬಂದಿತ್ತೋ ಇಲ್ಲವೋ, ಯಾರೂ ಹೋಗಿ ಮುಟ್ಟಿ ನೋಡಲಿಲ್ಲ. ಪಾಟೀಲನ ಮನೆಯ ಸೊಸೆಯಂದಿರು ಕುಡುಗೋಲು ಹಿಡಿದವರಲ್ಲ. ಕಟ್ಟಿ ಸಾಕಿದ ದನ, ಬಿಟ್ಟರೆ ಬೆಳೆಗೆ ಹೋಗುತ್ತವೆ. ಜೋಳದ ದಂಟಿನ ಒಣ ಕಣಿಕೆ ಹಾಕಿದರು. ಎಳೆ ಹುಲ್ಲಿನ ರುಚಿ ಹತ್ತಿದ ದನ ಕಣಿಕೆಯನ್ನು ಮೂತಿಯಿಂದ ತಳ್ಳಿದವು. ಇಪ್ಪತ್ತೆರಡು ದನದ ಒದರಾಟ ಊರಿಗೆಲ್ಲ ಕೇಳುತ್ತಿತ್ತು. ಡೇರಿಗೆ ಹೋಗುವ ಪಾಟೀಲನ ಕ್ಯಾನು ಅರ್ಧಕ್ಕೆ ಇಳಿಯಿತು.

ಕೇರಿಯಲ್ಲೂ ಒಲೆಗಳು ಆರಿದವು. ಹೊರೆಗೆ ಸಿಗುತ್ತಿದ್ದ ಕೂಲಿ ಜೋಳ ನಿಂತಿತ್ತು. ಮೂರನೆಯ ದಿನ ಇಬ್ಬರು ಹೆಂಗಸರು ಸೀತವ್ವನ ಬಾಗಿಲಿಗೆ ಬಂದು, "ನಿನ್ನ ಒಂದ ಎಮ್ಮಿ ಸಲುವಾಗಿ ನಮ್ಮ ಮಕ್ಕಳ ಹೊಟ್ಟಿ," ಎಂದು ಅತ್ತರು. ಸೀತವ್ವ ಕರಗಿಯ ಹಾಲನ್ನು ಆ ಮಕ್ಕಳಿಗೆ ಕೊಟ್ಟಳು. ಆ ಹಾಲು ಕೊಂಡವಾಡದ ಗೇಟಿನ ಸಂದಿಯಿಂದ ಹಿಂಡಿದ್ದು. ಮೂರು ದಿನ ಜಾಲಿಯ ಹುಲ್ಲು ತಿಂದ ಎಮ್ಮೆ ಹೊತ್ತಿಗೆ ಎರಡು ಲೀಟರ್ ಇಳಿಸಿತ್ತು. ಮಾತು ಬೆಳೆಯಲಿಲ್ಲ. ಇಬ್ಬರೂ ಹೊರೆಗೆ ಹೋಗಲಿಲ್ಲ.

ಐದನೆಯ ದಿನ ಮಲಕಾರಿ ಬಂದು ಕೊಂಡವಾಡದ ಬೀಗ ತೆಗೆದ. ಯಾರ ಮುಖವನ್ನೂ ನೋಡಲಿಲ್ಲ. ಬಾಪುಸಾಹೇಬ ಮಹಡಿಯ ಮೇಲೆ ಇದ್ದ, ಕೆಳಗೆ ಬರಲಿಲ್ಲ. ತಪ್ಪಾಯಿತು ಎಂದು ಆ ಮನೆಯಿಂದ ಮಾತು ಬರಲಿಲ್ಲ. ಹೆಂಗಸರು ಹೊರೆಗೆ ಮರಳಿದರು. ಸೆರಗು ಝಾಡಿಸು ಎನ್ನುವವರು ಇರಲಿಲ್ಲ.

ಸೀತವ್ವ ಕರಗಿಯನ್ನು ಮನೆಗೆ ಒಯ್ಯಲಿಲ್ಲ. ನೇರ ಜಾಲಿಯ ಕೆಳಗೆ ಒಯ್ದಳು. ಹಿಂದಿನಿಂದ ಕೇರಿಯ ಆಡುಗಳು, ಇನ್ನೆರಡು ಬಡಕಲು ಎಮ್ಮೆಗಳು ಇಳಿದು ಬಂದವು. ಊರಿನ ಕೆಲವರು ತಮ್ಮ ದನ ಬಿಚ್ಚಿಕೊಂಡು ಸಿಡಿಮಿಡಿ ಎನ್ನುತ್ತ ಹೋದರು. ಹೋದವರು ಎರಡು ದಿನದಲ್ಲಿ ತಿರುಗಿ ಬಂದರು. ಬೇರೆಲ್ಲಿ ಇತ್ತು ಆ ಹುಲ್ಲು?

ಸೋನಾಬಾಯಿ ಹೋಗಲಿಲ್ಲ. ದೊಡ್ಡ ಜಾಲಿಯ ಕೆಳಗೆ ಕೂತಿದ್ದಳು. ಚಂದ್ರಿ ಮರದಿಂದ ಎರಡು ಮಾರು ಆಚೆ, ಎಲ್ಲಕ್ಕಿಂತ ಒಳ್ಳೆಯ ಹುಲ್ಲಿನ ಮೇಲೆ ನಿಂತಿತ್ತು. ಕೆಚ್ಚಲು ತುಂಬಿ ಮೊಲೆಗಳು ಬಿರಿದಿದ್ದವು. ಸೀತವ್ವ ಕಣ್ಣು ಕೀಳದೆ ನೋಡಿದಳು.

"ಈಗರ ನನ್ನ ಎಮ್ಮಿ ಮ್ಯಾಲಿನ ಕಣ್ಣ ತಗೀತಿಯೋ ಇಲ್ಲೋ?" ಸೋನಾಬಾಯಿ ಕೇಳಿದಳು.

"ಇಲ್ಲ," ಎಂದಳು ಸೀತವ್ವ. "ನಂದು ಅಷ್ಟ ಹಿಂಡೂತನಕ ತಗ್ಯಾಂಗಿಲ್ಲ."

ಎಂದವಳೇ ಮುಂದೆ ಹೋಗಿ, ಚಂದ್ರಿಯ ಹೊಳೆಯುವ ಬೆನ್ನಿಗೆ ಅಂಗೈ ಊರಿ, ಭಾರ ಬಿಟ್ಟು ನೂಕಿದಳು.

"ಸರಿ ಅತ್ಲಾಗ."

ಎಮ್ಮೆ ಸರಿಯಿತು. ಸೀತವ್ವ ಕರಗಿಯನ್ನು ಆ ಜಾಗಕ್ಕೆ ತಂದು ನಿಲ್ಲಿಸಿದಳು.